ಹಿರಿಯಡ್ಕದ ಶೆಡ್ಡಿನಲ್ಲಿ ಮೊದಲಿನಿಂದ ಕಟ್ಟುತ್ತಿರುವ ಆಫ್-ರೋಡ್ ರೇಸ್ ಟ್ರಕ್: ಪೈಪು, ಸಸ್ಪೆನ್ಷನ್, ಕೆಸರು

ಹಿರಿಯಡ್ಕದ ಶೆಡ್ — ನವೆಂಬರ್

ಎಲ್ಲರಿಗೂ ನಮಸ್ಕಾರ. ಹಿರಿಯಡ್ಕದ ಸಮೀಪ ನಮ್ಮ ಮನೆಯ ಹಿಂದೆ, ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿ, ಒಂದು ತಗಡಿನ ಶೆಡ್ ಇದೆ. ಅದರೊಳಗೆ ಎರಡು ವರ್ಷಗಳಿಂದ ಒಂದು ಹಳೆಯ ಮಾರುತಿ ಜಿಪ್ಸಿ ನಿಂತಿದೆ. ಮಲ್ಪೆಯ ಕಡೆ ಬಹಳ ಕಾಲ ಓಡಿದ ಗಾಡಿಯಾದ್ದರಿಂದ ಉಪ್ಪುಗಾಳಿಗೆ ಅದರ ಬಾಡಿ ಪೂರ್ತಿ ತಿಂದುಹೋಗಿದೆ. ಚಾಸಿಯ ಹಿಂಭಾಗವನ್ನು ಸುತ್ತಿಗೆಯಿಂದ ತಟ್ಟಿದರೆ ತುಕ್ಕು ಪದರಪದರವಾಗಿ ಉದುರುತ್ತದೆ. ಆದರೆ 1298 ಸಿಸಿಯ ಎಂಜಿನ್, ಗೇರ್ ಬಾಕ್ಸ್, ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಆಕ್ಸಲ್‌ಗಳು ಚೆನ್ನಾಗಿವೆ. ಆ ಚಾಸಿಯನ್ನು ರಿಪೇರಿ ಮಾಡುವ ಬದಲು, ಪೈಪಿನಿಂದಲೇ ಹೊಸ ಚೌಕಟ್ಟನ್ನು ಕಟ್ಟಿ, ಅದಕ್ಕೆ ಈ ಯಂತ್ರಭಾಗಗಳನ್ನು ಕೂರಿಸಿ, ಇಬ್ಬರು ಕೂರುವ ಒಂದು ರೇಸ್ ಟ್ರಕ್ಕನ್ನು ಮಾಡಬೇಕೆಂದು ನಾನೂ ನನ್ನ ಭಾವನೂ ತೀರ್ಮಾನಿಸಿದ್ದೇವೆ.

ಈ ಹುಚ್ಚು ಹತ್ತಿದ್ದು ಮೆಕ್ಸಿಕೋದ ಬಾಹಾ ಮರುಭೂಮಿಯ ರೇಸುಗಳನ್ನು ನೋಡಿ. ಅಲ್ಲಿ 1967ರಲ್ಲಿ ಟಿಹುವಾನಾದಿಂದ ಲಾ ಪಾಸ್‌ವರೆಗೆ ಮೊದಲ ಓಟ ನಡೆಯಿತು. 1994ರಲ್ಲಿ ಟ್ರೋಫಿ ಟ್ರಕ್ ಎಂಬ ವರ್ಗವೇ ಹುಟ್ಟಿಕೊಂಡಿತು. ಉಬ್ಬುತಗ್ಗುಗಳ ಮೇಲೆ ಚಕ್ರಗಳು ಮಾತ್ರ ಕುಣಿಯುತ್ತಾ, ಮೇಲಿನ ಕ್ಯಾಬಿನ್ ನೀರಿನ ಮೇಲಿನ ದೋಣಿಯಂತೆ ಸಾಗುವುದನ್ನು ನೋಡಿದವರಿಗೆ ನನ್ನ ಆಸೆ ಅರ್ಥವಾಗುತ್ತದೆ.

ನಮ್ಮಲ್ಲಿ ಒಂದು ಮಿಗ್ ವೆಲ್ಡಿಂಗ್ ಸೆಟ್, ಕಟಿಂಗ್ ಮೆಷಿನ್, ಹಳೆಯ ಲೇತ್ ಇವೆ. ನಾನು ಕೇಳಬೇಕೆಂದಿರುವುದು ಮೂರು ವಿಷಯ. ಚೌಕಟ್ಟಿಗೆ ಯಾವ ಪೈಪು ಬಳಸಬೇಕು? ಜಿಪ್ಸಿಯ ಲೀಫ್ ಸ್ಪ್ರಿಂಗುಗಳನ್ನೇ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗುಗಳು) ಉಳಿಸಿಕೊಳ್ಳಬಹುದೇ? ಎಂಜಿನ್ನನ್ನು ಈಗಲೇ ಬಿಚ್ಚಿ ಶಕ್ತಿ ಹೆಚ್ಚಿಸುವ ಕೆಲಸ ಆರಂಭಿಸಬೇಕೇ, ಅಥವಾ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕೇ?

ಬೈಕಂಪಾಡಿ ಫ್ಯಾಬ್ರಿಕೇಷನ್

ಹಿರಿಯಡ್ಕದವರೇ, ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಎಂಜಿನ್ನನ್ನು ಮುಟ್ಟಬೇಡಿ. ಒಳ್ಳೆಯ ಸ್ಥಿತಿಯಲ್ಲಿರುವ 80 ಕುದುರೆಶಕ್ತಿ ನಿಮ್ಮ ಮೊದಲ ಟ್ರಕ್ಕಿಗೆ ಧಾರಾಳವಾಗಿ ಸಾಕು. ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವ ಸಸ್ಪೆನ್ಷನ್ ಮತ್ತು ಒಳಗೆ ಕುಳಿತವರ ಜೀವ ಉಳಿಸುವ ಕೇಜ್ (ಸೀಟುಗಳ ಸುತ್ತ ಕಟ್ಟುವ ಪೈಪಿನ ಗೂಡು) ಇಲ್ಲದಿದ್ದರೆ ಅದು ಇದ್ದೂ ಪ್ರಯೋಜನವಿಲ್ಲ.

ಪೈಪಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಊರಿನಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿಯೇ. ಗೇಟು, ಗ್ರಿಲ್, ತಗಡಿನ ಮಾಡಿನ (ಚಾವಣಿಯ) ಕೆಲಸಕ್ಕೆ ಬಳಸುವ, ಸತು ಲೇಪಿಸಿದ ನೀರಿನ ಜಿಐ ಪೈಪು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಕೈಗೆ ಹಿಡಿದರೆ ಭಾರವಾಗಿಯೂ ಗಟ್ಟಿಯಾಗಿಯೂ ಕಾಣುತ್ತದೆ. ಅದನ್ನು ಕೇಜಿಗೆ ಬಳಸಬೇಡಿ. ಅದು ನೀರು ಹರಿಸಲು ಮಾಡಿದ ಪೈಪು, ಬಿದ್ದ ಪೆಟ್ಟನ್ನು ಬಾಗಿ ನುಂಗಲು ಮಾಡಿದ್ದಲ್ಲ. ಮೇಲಿನ ಸತುವಿನ ಲೇಪ ವೆಲ್ಡಿಂಗಿನ ಬಿಸಿಗೆ ಆವಿಯಾಗಿ, ಬೆಸುಗೆಯೊಳಗೆ ಸಣ್ಣ ಸಣ್ಣ ಗುಳ್ಳೆಗಳನ್ನು ಬಿಡುತ್ತದೆ. ಹೊರಗಿನಿಂದ ಚಂದವಾಗಿ ಕಾಣುವ ಬೆಸುಗೆ ಒಳಗೆ ಜೇನುಗೂಡಾಗಿರುತ್ತದೆ. ಆ ಹೊಗೆಯನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರುವುದನ್ನು ನಾನು ನನ್ನ ಕೆಲಸದ ಹುಡುಗರಲ್ಲೇ ಕಂಡಿದ್ದೇನೆ.

ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಐಎ ತನ್ನ ನಿಯಮಗಳಲ್ಲಿ ಕೇಜಿಗೆ ಹೇಳಿರುವುದು ಜೋಡಣೆಯಿಲ್ಲದ, ತಣ್ಣಗೆ ಎಳೆದ ಕಾರ್ಬನ್ ಸ್ಟೀಲ್ ಪೈಪು. ಅಂದರೆ ನಮ್ಮ ವ್ಯಾಪಾರಿಗಳು ಸೀಮ್‌ಲೆಸ್ ಎಂದು ಕೊಡುವುದು. ಅದರಲ್ಲಿ ಇಂಗಾಲ 0.3 ಶೇಕಡಾ ಮೀರಬಾರದು, ಎಳೆತದ ಬಲ ಪ್ರತಿ ಚದರ ಮಿ.ಮೀ.ಗೆ 350 ನ್ಯೂಟನ್‌ಗಿಂತ ಕಡಿಮೆ ಇರಬಾರದು. ತಲೆಯ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿ.ಮೀ. ಹೊರವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಇಲ್ಲವೇ 50 ಮಿ.ಮೀ. ಮತ್ತು 2 ಮಿ.ಮೀ. ದಪ್ಪ. ಉಳಿದ ಭಾಗಗಳಿಗೆ 38ಕ್ಕೆ 2.5, ಇಲ್ಲವೇ 40ಕ್ಕೆ 2. ಬಾಗಿಸುವಾಗ ಬಿಸಿ ಮಾಡಬಾರದು. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಾದರೂ ಇರಬೇಕು.

ದಪ್ಪ ಹೆಚ್ಚಾದರೆ ಬಲ ಹೆಚ್ಚು ಎಂದು ನಂಬುವವರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. 38ಕ್ಕೆ 2.5ರ ಪೈಪು ಮೀಟರಿಗೆ ಸುಮಾರು 2.2 ಕಿ.ಗ್ರಾಂ. ತೂಗುತ್ತದೆ, 25ಕ್ಕೆ 4ರ ಪೈಪು ಸುಮಾರು 2.1 ಕಿ.ಗ್ರಾಂ. ತೂಕ ಹೆಚ್ಚುಕಡಿಮೆ ಒಂದೇ. ಆದರೆ ಬಾಗುವಿಕೆಗೆ ಎದುರು ನಿಲ್ಲುವ ಗುಣದಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಸುಮಾರು ಮೂರು ಪಟ್ಟು ಗಟ್ಟಿ.

ಮಣಿಪಾಲದ ಮೆಕ್ಯಾನಿಕಲ್ ಮೇಷ್ಟ್ರು

ಬೈಕಂಪಾಡಿಯವರು ಹೇಳಿದ್ದು ಅಕ್ಷರಶಃ ಸರಿ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಸಣ್ಣ ಗಾಡಿ ಕಟ್ಟಿ ಓಡಿಸುವ, ಮರುಭೂಮಿಯ ಓಟದ ಹೆಸರನ್ನೇ ಹೊತ್ತ ಬೇರೆ ಬಾಹಾ ಸ್ಪರ್ಧೆಯ ಗಾಡಿಗಳಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದರಿಂದ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಅಮೆರಿಕದಲ್ಲಿ 1976ರಲ್ಲಿ ಆರಂಭವಾಗಿ ನಮ್ಮ ದೇಶದ ಪೀತಂಪುರದಲ್ಲಿ 2007ರಿಂದ ನಡೆದ ಆ ಸ್ಪರ್ಧೆಯಲ್ಲಿ ಮುಖ್ಯ ಪೈಪಿನ ಅಳತೆಯನ್ನು 25 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪ, ಕನಿಷ್ಠ 0.18 ಶೇಕಡಾ ಇಂಗಾಲದ ಉಕ್ಕಿಗೆ ಸಮನಾಗಿರಬೇಕೆಂದು ಹೇಳುತ್ತಾರೆ. ಇಂಟರ್‌ನೆಟ್ಟಿನಲ್ಲಿ ಆ ಅಳತೆಯನ್ನು ನೋಡಿ ನಕಲು ಮಾಡುವವರಿದ್ದಾರೆ. ಆದರೆ ಅದು ಒಬ್ಬನೇ ಕೂರುವ, 10 ಕುದುರೆಶಕ್ತಿಯ ಹಗುರ ಗಾಡಿಗೆ ಹೇಳಿದ ಅಳತೆ. ಒಂದು ಟನ್ನಿನ ಟ್ರಕ್ಕಿಗೆ ಅದು ಸಲ್ಲದು. ಆ ನಿಯಮಪುಸ್ತಕದಿಂದ ನೀವು ಧಾರಾಳವಾಗಿ ತೆಗೆದುಕೊಳ್ಳಬಹುದಾದದ್ದು ಜಾಗದ ಅಳತೆ: ಹೆಲ್ಮೆಟ್ಟಿಗೂ ಪೈಪಿಗೂ ನಡುವೆ 152 ಮಿ.ಮೀ., ದೇಹಕ್ಕೂ ಪೈಪಿಗೂ ನಡುವೆ 76 ಮಿ.ಮೀ. ಇದನ್ನು ಬಿಟ್ಟುಕೊಡಬೇಡಿ.

ಇನ್ನು ಸಸ್ಪೆನ್ಷನ್. ಚಕ್ರ ಮೇಲಕ್ಕೆ ಎಷ್ಟು ದೂರ ಚಲಿಸಬಲ್ಲದು ಎಂಬುದೇ ಈ ಟ್ರಕ್ಕುಗಳ ಜೀವಾಳ, ಮತ್ತು ಅದಕ್ಕೆ ಕಾರಣ ಬಹಳ ಸರಳ. ಗಾಡಿ ಒಂದು ಮೀಟರ್ ಎತ್ತರದಿಂದ ಬಿದ್ದಿತೆಂದು ಭಾವಿಸಿ. ಬಿದ್ದ ಶಕ್ತಿಯನ್ನೆಲ್ಲ ಸಸ್ಪೆನ್ಷನ್ ತನ್ನ ಚಲನೆಯೊಳಗೆ ಹೀರಬೇಕು. ಟೈರಿನ ಅಮುಕನ್ನು ಬಿಟ್ಟು ಸರಾಸರಿ ಲೆಕ್ಕ ಹಾಕಿದರೆ, ಚಕ್ರಕ್ಕೆ ಮೇಲೇರಲು 80 ಮಿ.ಮೀ. ಮಾತ್ರ ಜಾಗವಿದ್ದಾಗ ಚೌಕಟ್ಟಿನ ಮೇಲೆ ಬೀಳುವ ಬಲ ಗಾಡಿಯ ತೂಕದ 13.5 ಪಟ್ಟು. ಅದೇ 210 ಮಿ.ಮೀ. ಜಾಗವಿದ್ದರೆ 5.8 ಪಟ್ಟು. ಮೊದಲನೆಯದರಲ್ಲಿ ಬ್ರಾಕೆಟ್ಟುಗಳು ಹರಿಯುತ್ತವೆ, ಚಾಲಕನ ಬೆನ್ನೆಲುಬಿಗೂ ಪೆಟ್ಟಾಗುತ್ತದೆ. ಎರಡನೆಯದರಲ್ಲಿ ಗಾಡಿ ಮುಂದಕ್ಕೆ ಹೋಗುತ್ತದೆ.

ಹಾಗಾದರೆ ಒಟ್ಟು ಎಷ್ಟು ಚಲನೆ ಬೇಕು? ಆಫ್-ರೋಡ್ ಗಾಡಿಯ ಮೇಲ್ಭಾಗ ಸೆಕೆಂಡಿಗೆ ಸುಮಾರು 1.3 ಬಾರಿ ತೂಗುವಂತೆ ಸ್ಪ್ರಿಂಗನ್ನು ಆರಿಸಿದರೆ ಮೃದುವಾದ, ಹಿಡಿತವುಳ್ಳ ಓಟ ಸಿಗುತ್ತದೆ. ಆ ಲೆಕ್ಕದಲ್ಲಿ ಗಾಡಿ ಸುಮ್ಮನೆ ನಿಂತಾಗಲೇ 147 ಮಿ.ಮೀ. ಇಳಿದಿರುತ್ತದೆ. ಅದರ ಮೇಲೆ 210 ಮಿ.ಮೀ. ಬೇಕೆಂದರೆ ಒಟ್ಟು ಸುಮಾರು 357 ಮಿ.ಮೀ. ನಿಮ್ಮ ಗಾಡಿಯಲ್ಲಿ ಸ್ಪ್ರಿಂಗಿನ ಮೇಲಿನ ಭಾಗ ಚಕ್ರವೊಂದಕ್ಕೆ 210 ಕಿ.ಗ್ರಾಂ. ಎಂದು ಇಟ್ಟುಕೊಂಡರೆ, ಚಕ್ರದ ಬಳಿ ಮಿ.ಮೀ.ಗೆ 14 ನ್ಯೂಟನ್ ಬಿಗುವು ಬೇಕು. ಶಾಕನ್ನು (ಕುಲುಕು ತಡೆಯುವ ಶಾಕ್ ಅಬ್ಸಾರ್ಬರನ್ನು) ಆಕ್ಸಲ್ ಮೇಲೆ ಇಡದೆ, ಆಕ್ಸಲನ್ನು ಚೌಕಟ್ಟಿಗೆ ಸೇರಿಸುವ ಕೆಳಗಿನ ದಂಡದ, ಅಂದರೆ ಲಿಂಕಿನ, ಚೌಕಟ್ಟಿನ ತುದಿಯಿಂದ 70 ಶೇಕಡಾ ದೂರದಲ್ಲಿ ಕೂರಿಸಿದರೆ, 250 ಮಿ.ಮೀ. ಚಲಿಸುವ ಶಾಕಿನಿಂದಲೇ ಚಕ್ರಕ್ಕೆ 357 ಮಿ.ಮೀ. ಚಲನೆ ದೊರೆಯುತ್ತದೆ, ಆದರೆ ಸ್ಪ್ರಿಂಗು ಎರಡು ಪಟ್ಟು ಬಿಗಿಯಾಗಿರಬೇಕಾಗುತ್ತದೆ, ಏಕೆಂದರೆ ಆ ಅನುಪಾತದ ವರ್ಗದಿಂದ ಭಾಗಿಸಬೇಕು. ಜಿಪ್ಸಿಯ ಲೀಫ್ ಸ್ಪ್ರಿಂಗುಗಳಿಂದ ಇಷ್ಟು ಚಲನೆ ಬರುವುದಿಲ್ಲ. ಅವುಗಳನ್ನು ತೆಗೆಯಿರಿ.

ಪುತ್ತೂರಿನ ತೋಟದವ

ನಾನು ಎಂಜಿನಿಯರ್ ಅಲ್ಲ. ರಬ್ಬರ್ ತೋಟದಲ್ಲಿ 30 ವರ್ಷಗಳಿಂದ ಜೀಪು ಓಡಿಸುತ್ತಿದ್ದೇನೆ. ಮೇಷ್ಟ್ರ ಲೆಕ್ಕವನ್ನು ಗೌರವದಿಂದ ಓದಿದೆ. ಆದರೆ ಹಿರಿಯಡ್ಕದವರು ಮರುಭೂಮಿಯ ಟ್ರಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನೆಲದಲ್ಲಿ ಗಾಡಿ ಕಟ್ಟುವುದನ್ನು ನೋಡಿದಾಗ ಸುಮ್ಮನಿರಲು ಆಗಲಿಲ್ಲ.

ಬಾಹಾದಲ್ಲಿ ಮರಳು, ಧೂಳು, ನೂರಾರು ಕಿಲೋಮೀಟರ್ ತೆರೆದ ಬಯಲು. ಅಲ್ಲಿ ವೇಗವೇ ಎಲ್ಲ. ನಮ್ಮ ಉಡುಪಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುತ್ತದೆ. ಪದವಿನ (ಎತ್ತರದ ಬಯಲಿನ) ಮೇಲೆ ಮುರಕಲ್ಲು, ಬೈಲಿಗೆ ಇಳಿದರೆ ಕೆಸರು, ನಡುವೆ ತೋಡು (ಸಣ್ಣ ಹಳ್ಳ). ನೂರು ಮೀಟರಿನೊಳಗೆ ಮೂರೂ ಸಿಗುತ್ತವೆ. ಇಲ್ಲಿ ಗಾಡಿ ಸೋಲುವುದು ಹಾರಿ ಬಿದ್ದು ಅಲ್ಲ, ನೀರು ಕುಡಿದು.

ನೀರು ಎಲ್ಲಿಂದ ಒಳಗೆ ಹೋಗುತ್ತದೆ ಎಂಬುದನ್ನು ಹೇಳುತ್ತೇನೆ, ದಯವಿಟ್ಟು ಬರೆದಿಟ್ಟುಕೊಳ್ಳಿ. ಮೊದಲನೆಯದು ಎಂಜಿನ್ನಿನ ಗಾಳಿಯ ದಾರಿ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲವಾದ್ದರಿಂದ, ಒಂದು ಲೋಟದಷ್ಟು ನೀರು ಸಿಲಿಂಡರಿನೊಳಗೆ ಹೋದರೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಳಿಯ ಕೊಳವೆಯನ್ನು ಕೇಜಿನ ಮಟ್ಟಕ್ಕೆ ಏರಿಸಿ. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಆಕ್ಸಲ್ ಹೌಸಿಂಗ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಇವೆಲ್ಲಕ್ಕೂ ಉಸಿರಾಡಲು ಒಂದು ಬ್ರೀದರ್ ಇರುತ್ತದೆ. ಓಡಿ ಓಡಿ ಕಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೂ ಸೀಲುಗಳಿಂದಲೂ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಮೂರು ತಿಂಗಳಲ್ಲಿ ಬೇರಿಂಗ್ ಹಾಳಾಗುತ್ತದೆ. ಎಲ್ಲ ಬ್ರೀದರುಗಳಿಗೂ ರಬ್ಬರ್ ಟ್ಯೂಬ್ ಹಾಕಿ ಕೇಜಿನ ಎತ್ತರಕ್ಕೆ ಒಯ್ಯಿರಿ.

ಇನ್ನೊಂದು ಮಾತು: ನಾಲ್ಕು ಚಕ್ರದ ಎಳೆತವನ್ನು ಬಿಡಬೇಡಿ. ಮರುಭೂಮಿಯಲ್ಲಿ ಹಿಂದಿನ ಎರಡೇ ಚಕ್ರದ ಎಳೆತದಿಂದ ಗೆಲ್ಲಬಹುದು. ಕಂಬಳದ ಕರೆಯಂತಿರುವ (ಕೋಣ ಓಡಿಸುವ ಗದ್ದೆಯಂತಿರುವ) ಕೆಸರಿನಲ್ಲಿ ಮುಂದಿನ ಚಕ್ರವೂ ಎಳೆಯದಿದ್ದರೆ ಗಾಡಿ ಕುಳಿತಲ್ಲಿಯೇ ಕುಳಿತಿರುತ್ತದೆ.

ಹಿರಿಯಡ್ಕದ ಶೆಡ್ — ಡಿಸೆಂಬರ್

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನು ಋಣಿ. ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಈ ಪ್ರಶ್ನೆ ಕೇಳುವ ಮೊದಲೇ ನಾವು ಜಿಐ ಪೈಪು ತಂದು, ಚೌಕಟ್ಟಿನ ಕೆಳಭಾಗವನ್ನೂ ಮುಖ್ಯ ಕಮಾನನ್ನೂ ಬೆಸೆದು ಮುಗಿಸಿದ್ದೆವು. ಅಂಗಡಿಯವರು ಇದು ಭಾರದ ದರ್ಜೆಯ ಪೈಪು, ಲಾರಿಗೂ ಸಾಕು ಎಂದು ಹೇಳಿದ್ದನ್ನು ನಂಬಿದ್ದೆವು. ಬೈಕಂಪಾಡಿಯವರ ಬರಹ ಓದಿದ ಮೇಲೆ ನನ್ನ ಭಾವ ಕಮಾನಿನ ಒಂದು ಜೋಡಣೆಯನ್ನು ಕತ್ತರಿಸಿ ನೋಡಿದ. ಬೆಸುಗೆಯೊಳಗೆ ಗುಂಡುಸೂಜಿಯ ತಲೆಯಷ್ಟು ದೊಡ್ಡ ತೂತುಗಳಿದ್ದವು.

ಆದರೂ ಕೇಳುತ್ತೇನೆ. ಕೆಳಗಿನ ಚೌಕಟ್ಟನ್ನು ಹಾಗೆಯೇ ಉಳಿಸಿಕೊಂಡು, ಮೇಲಿನ ಕೇಜನ್ನು ಮಾತ್ರ ಸೀಮ್‌ಲೆಸ್ ಪೈಪಿನಿಂದ ಮಾಡಿದರೆ ಆಗುವುದಿಲ್ಲವೇ? ಎರಡು ತಿಂಗಳ ಭಾನುವಾರಗಳು ಅದರೊಳಗೆ ಹೋಗಿವೆ, ಖರ್ಚು ಬೇರೆ.

ಬೈಕಂಪಾಡಿ ಫ್ಯಾಬ್ರಿಕೇಷನ್

ಆಗುವುದಿಲ್ಲ. ಗಾಡಿ ಮಗುಚಿದಾಗ ಮೇಲಿನ ಕಮಾನು ತನ್ನ ಮೇಲೆ ಬಿದ್ದ ಬಲವನ್ನು ಕೆಳಗಿನ ಚೌಕಟ್ಟಿಗೇ ದಾಟಿಸುತ್ತದೆ. ಕಾಲು ಟೊಳ್ಳಾಗಿರುವ ಮಂಚಕ್ಕೆ ಮೇಲೆ ತೇಗದ ಹಲಗೆ ಹಾಕಿದರೆ ಮಂಚ ನಿಲ್ಲುವುದಿಲ್ಲ. ಎರಡು ತಿಂಗಳ ಶ್ರಮ ಹಾಳಾದ ನೋವು ನನಗೆ ಗೊತ್ತು, ಅದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೆ ಆ ಸೀಟುಗಳಲ್ಲಿ ಕೂರುವವರು ನೀವು ಮತ್ತು ನಿಮ್ಮ ಭಾವ. ಆ ಪೈಪಿನಿಂದ ಶೆಡ್ಡಿಗೆ ಇನ್ನೊಂದು ಮಾಡು ಮಾಡಿಕೊಳ್ಳಿ. ಟ್ರಕ್ಕಿಗೆ ಹೊಸದಾಗಿ ಆರಂಭಿಸಿ.

ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು) ಪೈಪಿನ ಆಸೆ ಮಾತ್ರ ಈಗ ಬೇಡ. ಅದನ್ನು ಬೆಸೆಯಲು ಟಿಗ್ ಸೆಟ್ಟೂ, ಬಿಸಿಯ ಮೇಲೆ ಹಿಡಿತವಿರುವ ಪಳಗಿದ ಕೈಯೂ ಬೇಕು. ಸಾಧಾರಣ ಕಾರ್ಬನ್ ಸ್ಟೀಲ್ ನಿಮ್ಮ ಮಿಗ್ ಸೆಟ್ಟಿಗೆ ಹೊಂದುತ್ತದೆ. ಪೈಪು ಕೊಳ್ಳುವಾಗ ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಬಾಗಿಸುವ ಕೆಲಸಕ್ಕೆ ಡೈ ಇರುವ ನಮ್ಮ ವರ್ಕ್‌ಶಾಪಿಗೆ ತನ್ನಿ. ಮರಳು ತುಂಬಿ ಬಿಸಿ ಮಾಡಿ ಬಾಗಿಸುವ ಹಳೆಯ ಪದ್ಧತಿಯಲ್ಲಿ ಬಾಗಿನ ಒಳಮೈ ಸುಕ್ಕಾಗುತ್ತದೆ.

ಕುಂದಾಪುರ

ಕಟ್ಟುವ ಕೆಲಸದ ನಡುವೆ ಕಾನೂನಿನ ಮಾತನ್ನು ಯಾರೂ ಎತ್ತಲಿಲ್ಲ. ಈ ಗಾಡಿಯನ್ನು ರಸ್ತೆಯ ಮೇಲೆ ಓಡಿಸುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿತು. ನೀವು ಚಾಸಿಯನ್ನೇ ಬದಲಾಯಿಸುತ್ತಿದ್ದೀರಿ. ಹಾಗಾಗಿ ಹಳೆಯ ಜಿಪ್ಸಿಯ ನೋಂದಣಿಯನ್ನು ಆರ್‌ಟಿಒದಲ್ಲಿ ವಿಧಿವತ್ತಾಗಿ ರದ್ದುಮಾಡಿಸಿ, ಟ್ರಕ್ಕನ್ನು ಯಾವಾಗಲೂ ಲಾರಿಯಲ್ಲಿ ಸಾಗಿಸಿ. ಸಾರ್ವಜನಿಕ ಜಾಗದಲ್ಲಿ ಸರ್ಕಾರದ ಅನುಮತಿಯಿಲ್ಲದೆ ವೇಗದ ಪರೀಕ್ಷೆ ಮಾಡುವುದು ಅದೇ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ.

ಓಡಿಸುವುದು ಖಾಸಗಿ ಜಾಗದಲ್ಲಿ, ಒಡೆಯರ ಒಪ್ಪಿಗೆಯಿಂದ ಮಾತ್ರ. ಮೀಸಲು ಅರಣ್ಯದ ದಾರಿಗಳಿಗೆ ಹೋಗಬೇಡಿ, ಕಡಲ ಮರಳಿನ ಮೇಲೆ ಓಡಿಸಬೇಡಿ. ನಮ್ಮ ಕೋಡಿಯ ಕಡಲತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಆ ಗೂಡುಗಳನ್ನು ಕಾಯಲು ಊರಿನವರು ರಾತ್ರಿಯೆಲ್ಲ ಎಚ್ಚರವಿರುವುದನ್ನು ನಾನು ನೋಡಿದ್ದೇನೆ. ಸ್ಪರ್ಧೆಗೆ ಇಳಿಯುವ ದಿನ ಬಂದರೆ, ದೇಶದ ಮೋಟಾರ್ ಕ್ರೀಡೆಯನ್ನು ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಮಾನ್ಯತೆಯಿರುವ ಕೂಟಕ್ಕೇ ಹೋಗಿ.

ಹಿರಿಯಡ್ಕದ ಶೆಡ್ — ಫೆಬ್ರವರಿ

ಹಳೆಯ ಚೌಕಟ್ಟನ್ನು ಪೂರ್ತಿ ಕತ್ತರಿಸಿ ಗುಜರಿಗೆ ಕೊಟ್ಟೆವು. ಮಾಡಿಗೆ ಬಳಸಲೂ ಮನಸ್ಸಾಗಲಿಲ್ಲ.

ಈ ಬಾರಿ ಲೋಹವನ್ನು ಮುಟ್ಟುವ ಮೊದಲು, ಅಡಿಕೆ ಮರದ ಸಲಾಕೆ ಮತ್ತು ನೀರಾವರಿಯ ಪಿವಿಸಿ ಪೈಪುಗಳಿಂದ ಇಡೀ ಕೇಜನ್ನು ನಿಜವಾದ ಅಳತೆಯಲ್ಲಿಯೇ ಕಟ್ಟಿದೆವು. ಅದರೊಳಗೆ ಸೀಟುಗಳನ್ನಿಟ್ಟು, ಹೆಲ್ಮೆಟ್ ಹಾಕಿಕೊಂಡು ಇಬ್ಬರೂ ಗಂಟೆಗಟ್ಟಲೆ ಕೂತೆವು. ಕಾಗದದ ಮೇಲೆ ಸರಿಯಾಗಿದ್ದ ಮೇಲಿನ ಅಡ್ಡಪೈಪು ಭಾವನ ಹೆಲ್ಮೆಟ್ಟಿಗೆ ಕೇವಲ 90 ಮಿ.ಮೀ. ದೂರದಲ್ಲಿತ್ತು, ಮೇಷ್ಟ್ರು ಹೇಳಿದ 152 ಬರುವಂತೆ ಸೀಟನ್ನು ಕೆಳಗಿಳಿಸಿ, ಕಮಾನನ್ನು ಎತ್ತರಿಸಿದೆವು. ಬಾಗಿಲಿನ ಕಡೆಯ ಕರ್ಣಪೈಪನ್ನು ದಾಟಿ, ಬೆಲ್ಟ್ ಬಿಚ್ಚಿ, ಹೊರಗೆ ಬರುವುದಕ್ಕೆ ಎಷ್ಟು ಹೊತ್ತು ಬೇಕೆಂದೂ ಅಳೆದೆವು. ಮೊದಲ ಪ್ರಯತ್ನದಲ್ಲಿ 19 ಸೆಕೆಂಡು ಆಯಿತು. ಸ್ಟೀರಿಂಗ್ ಕಳಚುವ ಹಬ್ ಹಾಕಿದ ಮೇಲೆ 8ಕ್ಕೆ ಇಳಿಯಿತು.

ಚೌಕಟ್ಟಿಗೆ ಒಟ್ಟು ಸುಮಾರು 40 ಮೀಟರ್ ಪೈಪು ಹಿಡಿಯಿತು, ಅಂದರೆ 90 ಕಿ.ಗ್ರಾಂ. ಆಸುಪಾಸು. ಪೈಪುಗಳು ಕೂಡುವಲ್ಲಿ ಮೀನಿನ ಬಾಯಿಯ ಆಕಾರದ ಕಟ್ ಮಾಡುವುದನ್ನು ಕಲಿಯಲು ನನಗೆ ಒಂದು ವಾರವೇ ಬೇಕಾಯಿತು; ಕಾಗದದ ನಕ್ಷೆಯನ್ನು ಪೈಪಿಗೆ ಸುತ್ತಿ ಗೆರೆ ಎಳೆದು, ಗ್ರೈಂಡರಿನಿಂದ ಸವರಿ, ಬೆಳಕು ತೂರದಷ್ಟು ಬಿಗಿಯಾದ ಮೇಲೆಯೇ ಬೆಸೆದೆವು. ಮೊದಲು ಎಲ್ಲ ಜೋಡಣೆಗಳಿಗೂ ಬರಿಯ ಟ್ಯಾಕ್ (ಹಿಡಿದಿಡುವಷ್ಟೇ ಚುಕ್ಕೆ ಬೆಸುಗೆ) ಹಾಕಿದ್ದೆವು. ಆದರೆ ಅವಸರದಲ್ಲಿ ಎಡಬದಿಯ ಜೋಡಣೆಗಳನ್ನು ಒಂದೇ ಸಂಜೆ ಪೂರ್ತಿ ಬೆಸೆದುದರಿಂದ ಚೌಕಟ್ಟು ತಿರುಚಿಕೊಂಡು ಮೂಲೆಯಿಂದ ಮೂಲೆಗೆ 11 ಮಿ.ಮೀ. ವ್ಯತ್ಯಾಸ ಬಂತು. ಎರಡು ಜೋಡಣೆ ಬಿಡಿಸಿ, ಜಾಕ್ ಕೊಟ್ಟು, ಎಡಕ್ಕೊಂದು ಬಲಕ್ಕೊಂದು ಎಂಬಂತೆ ಮತ್ತೆ ಬೆಸೆದ ಮೇಲೆ ಅದು 2 ಮಿ.ಮೀ.ಗೆ ಬಂದಿದೆ.

ಉಪ್ಪುಗಾಳಿಯ ಭಯದಿಂದ ಪೈಪಿನ ತೆರೆದ ತುದಿಗಳನ್ನೆಲ್ಲ ಪ್ಲೇಟ್ ಬೆಸೆದು ಮುಚ್ಚಿದ್ದೇವೆ. ಈಗ ಸಸ್ಪೆನ್ಷನ್ ಲಿಂಕುಗಳ ಹಂತದಲ್ಲಿದ್ದೇವೆ. ಹಿಂದೆ ನಾಲ್ಕು ಲಿಂಕ್, ಮುಂದೆ ಆಕ್ಸಲ್ ಉಳಿಸಿಕೊಂಡು ಮೂರು ಲಿಂಕ್ ಎಂದು ಯೋಚಿಸಿದ್ದೇವೆ. ಮುಂದಿನ ಆಕ್ಸಲ್ ಬಗ್ಗೆ ಧೈರ್ಯ ಸಾಲುತ್ತಿಲ್ಲ.

ಮಣಿಪಾಲದ ಮೆಕ್ಯಾನಿಕಲ್ ಮೇಷ್ಟ್ರು

ಸಲಾಕೆಯ ಕೇಜ್ ಕಟ್ಟಿದ್ದನ್ನು ಓದಿ ಬಹಳ ಸಂತೋಷವಾಯಿತು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ನನ್ನ ವಿದ್ಯಾರ್ಥಿಗಳಿಗೂ ಇದನ್ನು ಮಾಡಿಸುತ್ತೇನೆ.

ಹಿಂದಿನ ನಾಲ್ಕು ಲಿಂಕುಗಳಲ್ಲಿ ಮೇಲಿನ ಎರಡನ್ನು ಓರೆಯಾಗಿ, ಆಕ್ಸಲಿನ ನಡುವಿನಲ್ಲಿ ಕೂಡುವಂತೆ ಇಟ್ಟರೆ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಅವೇ ಹಿಡಿಯುತ್ತವೆ. ಬೇರೆ ಅಡ್ಡದಂಡ ಬೇಕಾಗುವುದಿಲ್ಲ. ಮುಂದೆ ಹಾಗಲ್ಲ. ಲೀಫ್ ಸ್ಪ್ರಿಂಗುಗಳು ಗಾಡಿಯ ಭಾರ ಹೊರುವುದಷ್ಟೇ ಅಲ್ಲದೆ ಆಕ್ಸಲ್ ಎಡಬಲಕ್ಕೆ ಜಾರದಂತೆಯೂ ತಡೆಯುತ್ತಿದ್ದವು. ಅವುಗಳನ್ನು ತೆಗೆದ ಮೇಲೆ ಆ ಕೆಲಸಕ್ಕೆ ಚೌಕಟ್ಟಿನಿಂದ ಆಕ್ಸಲಿಗೆ ಒಂದು ಪ್ಯಾನ್‌ಹಾರ್ಡ್ ರಾಡ್ ಬೇಕು. ಇಲ್ಲಿ ಒಂದು ನಿಯಮವನ್ನು ಮೀರಬಾರದು: ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಬರುವ ಡ್ರ್ಯಾಗ್ ಲಿಂಕೂ ಈ ರಾಡೂ ಒಂದಕ್ಕೊಂದು ಸಮಾನಾಂತರವಾಗಿರಬೇಕು, ಉದ್ದವೂ ಆದಷ್ಟು ಒಂದೇ ಇರಬೇಕು. ಹಾಗಿಲ್ಲದಿದ್ದರೆ ಚಕ್ರ ಮೇಲೆ ಕೆಳಗೆ ಚಲಿಸಿದಂತೆಲ್ಲ ಎರಡೂ ಬೇರೆ ಬೇರೆ ಕಮಾನಿನಲ್ಲಿ ತಿರುಗಿ, ನೀವು ಸ್ಟೀರಿಂಗ್ ಮುಟ್ಟದಿದ್ದರೂ ಗಾಡಿ ತಾನಾಗಿ ಹೊರಳುತ್ತದೆ. ಸ್ಪ್ರಿಂಗ್ ಹಾಕುವ ಮೊದಲೇ ಆಕ್ಸಲನ್ನು ಜಾಕಿನಿಂದ ಪೂರ್ತಿ ಏರಿಸಿ ಇಳಿಸಿ, ಚಕ್ರದ ಕೋನ ಬದಲಾಗುತ್ತದೆಯೇ ಎಂದು ದಾರ ಕಟ್ಟಿ ನೋಡಿ.

ಸೀಟಿನ ಬೆಲ್ಟಿನ ಬಗ್ಗೆ ಒಂದು ಮಾತು. ಭುಜದ ಪಟ್ಟಿಗಳು ಭುಜದಿಂದ ಹಿಂದಕ್ಕೆ ಹೋಗುವಾಗ 45 ಡಿಗ್ರಿಗಿಂತ ಹೆಚ್ಚು ಕೆಳಗೆ ಇಳಿಯಬಾರದು, ಮಟ್ಟವಾಗಿದ್ದಷ್ಟೂ ಒಳ್ಳೆಯದು. ನೆಲಕ್ಕೆ ಬಿಗಿದರೆ ಪೆಟ್ಟು ಬಿದ್ದಾಗ ಅವು ಬೆನ್ನೆಲುಬನ್ನೇ ಕೆಳಕ್ಕೆ ಒತ್ತುತ್ತವೆ. ಕಮಾನಿಗೆ ಅಡ್ಡಪೈಪು ಬೆಸೆದು ಅದಕ್ಕೇ ಕಟ್ಟಿ.

ಹಿರಿಯಡ್ಕದ ಶೆಡ್ — ಮೇ

ಟ್ರಕ್ಕು ಓಡಿತು. ಬಂಧುಗಳೊಬ್ಬರ ಜಾಗದಲ್ಲಿ ಕೆಲಸ ನಿಂತ ಮುರಕಲ್ಲಿನ ಕೋರೆಯೊಂದಿದೆ. ಅದರ ಸುತ್ತ ಸುಮಾರು 900 ಮೀಟರಿನ ದಾರಿ ಗುರುತಿಸಿ, ಲಾರಿಯಲ್ಲಿ ಗಾಡಿ ಒಯ್ದೆವು. ಮೊದಲ ಎರಡು ಸುತ್ತು ನಿಧಾನವಾಗಿ ಹೋದೆ. ಮೂರನೆಯ ಸುತ್ತಿನಲ್ಲಿ ಕೋರೆಯ ಏಣು ದಾಟಿದಾಗ ನಾಲ್ಕೂ ಚಕ್ರ ನೆಲ ಬಿಟ್ಟವು. ಇಳಿದಾಗ ದೊಡ್ಡ ಸದ್ದನ್ನು ನಿರೀಕ್ಷಿಸಿ ಹಲ್ಲು ಕಚ್ಚಿದ್ದೆ. ಏನೂ ಆಗಲಿಲ್ಲ. ಗಾಡಿ ಮೆಲ್ಲಗೆ ಕುಳಿತು, ಎದ್ದು, ಮುಂದೆ ಸಾಗಿತು. ಪಕ್ಕದಲ್ಲಿದ್ದ ಭಾವನ ಕಣ್ಣಿನಲ್ಲಿ ನೀರಿತ್ತು, ನನ್ನದೂ ಒಣಗಿರಲಿಲ್ಲ.

ಆದರೆ 25 ನಿಮಿಷ ಕಳೆದ ಮೇಲೆ ಹಿಂಭಾಗ ಕುಪ್ಪಳಿಸತೊಡಗಿತು. ಇಳಿದು ನೋಡಿದರೆ ಹಿಂದಿನ ಶಾಕುಗಳನ್ನು ಕೈಯಿಂದ ಮುಟ್ಟಲು ಆಗುತ್ತಿರಲಿಲ್ಲ. ದುಡ್ಡು ಸಾಲದೆ ಮುಂದೆ ಮಾತ್ರ ನೈಟ್ರೋಜನ್ ತುಂಬಿದ ಶಾಕು ಹಾಕಿ, ಹಿಂದೆ ಪಿಕಪ್ ಗಾಡಿಯ ಸಾಧಾರಣ ಎರಡು ಕೊಳವೆಯ ಶಾಕುಗಳನ್ನು ಜೋಡಿಯಾಗಿ ಹಾಕಿದ್ದೆವು. ಜೊತೆಗೆ ಎಡ ಶಾಕಿನ ಕೆಳಗಿನ ಬ್ರಾಕೆಟ್ ಬಿರುಕು ಬಿಟ್ಟಿದೆ. ಬೋಲ್ಟ್ ಒಂದು ಬದಿಗೆ ಬಾಗಿದೆ.

ಮಣಿಪಾಲದ ಮೆಕ್ಯಾನಿಕಲ್ ಮೇಷ್ಟ್ರು

ಶಾಕು ಮಾಡುವ ಕೆಲಸವೆಂದರೆ ಚಲನೆಯನ್ನು ಬಿಸಿಯಾಗಿ ಪರಿವರ್ತಿಸುವುದು. ಎರಡು ಕೊಳವೆಯ ಶಾಕಿನೊಳಗೆ ಆಯಿಲೂ ಗಾಳಿಯೂ ಒಂದೇ ಕೋಣೆಯಲ್ಲಿರುವುದರಿಂದ, ಬಿಡುವಿಲ್ಲದೆ ಕುಲುಕಿದಾಗ ಎರಡೂ ಬೆರೆತು ನೊರೆಯಾಗುತ್ತದೆ, ಮತ್ತು ನೊರೆಗೆ ತಡೆಯುವ ಶಕ್ತಿ ಇರುವುದಿಲ್ಲ. ನೈಟ್ರೋಜನ್ ಶಾಕಿನಲ್ಲಿ ಅನಿಲವನ್ನೂ ಆಯಿಲನ್ನೂ ತೇಲುವ ಪಿಸ್ಟನ್ ಬೇರ್ಪಡಿಸಿರುತ್ತದೆ. ಹಿಂದಕ್ಕೂ ಅದೇ ಬೇಕು, ಹೊರಗಿನ ಆಯಿಲ್ ಡಬ್ಬಿ ಇರುವಂಥದ್ದಾದರೆ ಬಿಸಿ ಬೇಗ ಆರುತ್ತದೆ. ಅದು ಬರುವವರೆಗೆ 10 ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಚಕ್ರ ಪೂರ್ತಿ ಕೆಳಗೆ ಜೋತಾಗ ಶಾಕೇ ಅದನ್ನು ಹಿಡಿದು ನಿಲ್ಲಿಸದಂತೆ ಆಕ್ಸಲಿಗೆ ಬಟ್ಟೆಯ ಪಟ್ಟಿಗಳನ್ನು ಕಟ್ಟಿದ್ದೀರಾ? ನೀವು ಹಾಕಿದ ಫೋಟೋದಲ್ಲಿ ಅವು ಕಾಣಲಿಲ್ಲ.

ಬೈಕಂಪಾಡಿ ಫ್ಯಾಬ್ರಿಕೇಷನ್

ಬ್ರಾಕೆಟ್ ಹರಿದದ್ದಕ್ಕೆ ಕಾರಣ ಫೋಟೋದಲ್ಲೇ ಇದೆ. ಬೋಲ್ಟನ್ನು ಒಂದೇ ಪ್ಲೇಟಿನಿಂದ ಹೊರಕ್ಕೆ ಚಾಚಿದ ಗೂಟದಂತೆ ಹಾಕಿದ್ದೀರಿ. ಶಾಕಿನ ಕಣ್ಣನ್ನು ಎರಡು ಪ್ಲೇಟುಗಳ ನಡುವೆ ಇಟ್ಟು ಬೋಲ್ಟಿನ ಎರಡೂ ತುದಿಗೆ ಆಸರೆ ಕೊಡಿ. ಪ್ಲೇಟಿಗೆ ಬೆನ್ನಹಿಂದೆ ತ್ರಿಕೋನದ ಆಸರೆಪಟ್ಟಿ ಬೆಸೆಯಿರಿ. ಉಳಿದ ಮೂರು ಬ್ರಾಕೆಟ್ಟುಗಳು ಇನ್ನೂ ಹರಿದಿಲ್ಲ ಎಂದು ಬಿಡಬೇಡಿ, ಅವನ್ನೂ ಬದಲಾಯಿಸಿ.

ಹಿರಿಯಡ್ಕದ ಶೆಡ್ — ಜುಲೈ

ನಾಲ್ಕು ಬ್ರಾಕೆಟ್ಟುಗಳನ್ನೂ ಹೊಸದಾಗಿ ಮಾಡಿದೆವು. ಆಕ್ಸಲಿಗೆ ಪಟ್ಟಿಗಳನ್ನು ಕಟ್ಟಿದೆವು. ಮೇಷ್ಟ್ರು ಊಹಿಸಿದಂತೆ ಅವು ಇರಲೇ ಇಲ್ಲ. ಹಿಂದಿನ ಶಾಕುಗಳು ಬಂದಿವೆ. ಹೋದ ವಾರ ಮಳೆಯಲ್ಲಿಯೇ, ನಾಟಿ ಮಾಡದೆ ಬಿಟ್ಟಿರುವ ನಮ್ಮದೇ ಗದ್ದೆಯಲ್ಲಿ ಓಡಿಸಿದೆವು. ಪುತ್ತೂರಿನವರ ಮಾತು ಪ್ರತಿ ನಿಮಿಷವೂ ನೆನಪಾಯಿತು. ನಾಲ್ಕು ಚಕ್ರದ ಎಳೆತ ಇಲ್ಲದಿದ್ದರೆ ಗದ್ದೆಯ ಹುಣಿ (ಬದು) ದಾಟುವುದಕ್ಕೇ ಆಗುತ್ತಿರಲಿಲ್ಲ. ಕೆಂಪು ಕೆಸರು ಮುಂದಿನ ರೇಡಿಯೇಟರನ್ನು ಎರಡೇ ಸುತ್ತಿನಲ್ಲಿ ಮುಚ್ಚಿಬಿಟ್ಟಿತು, ಎಂಜಿನ್ ಕಾಯಿತು. ಆದ್ದರಿಂದ ರೇಡಿಯೇಟರನ್ನು ಮರುಭೂಮಿಯ ಟ್ರಕ್ಕುಗಳಂತೆಯೇ ಹಿಂದಕ್ಕೆ, ಸೀಟುಗಳ ಬೆನ್ನಿಗೆ ಎತ್ತರದಲ್ಲಿ ಇಟ್ಟು ಎರಡು ಫ್ಯಾನ್ ಹಾಕಲಿದ್ದೇವೆ. ಅವರ ಒಂದು ವಿದ್ಯೆಯಾದರೂ ನಮ್ಮ ಕೆಸರಿಗೆ ನೇರವಾಗಿ ಒದಗಿತು.

ಗದ್ದೆ ಮುಗಿಸಿ ತೋಡು ದಾಟಿ ಮನೆಗೆ ಬಂದ ಮೇಲೆ ಎರಡೂ ಆಕ್ಸಲಿನ ಆಯಿಲ್ ಇಳಿಸಿ ನೋಡಿದೆವು. ಹಿಂದಿನದು ಸ್ವಚ್ಛವಾಗಿತ್ತು. ಮುಂದಿನದು ಹಾಲು ಹಾಕಿದ ಕಾಫಿಯೇ. ಹಿಂದಿನ ಬ್ರೀದರಿಗೆ ಟ್ಯೂಬ್ ಹಾಕಿದ್ದ ನಾವು, ಪ್ಯಾನ್‌ಹಾರ್ಡ್ ರಾಡಿನ ಗಲಾಟೆಯಲ್ಲಿ ಮುಂದಿನದನ್ನು ಹಾಕದೆ ಬಿಟ್ಟಿದ್ದೆವು. ಡೀಸೆಲ್ಲಿನಿಂದ ತೊಳೆದು, ಆಕ್ಸಲಿನೊಳಗಿನ ಹಲ್ಲುಚಕ್ರಗಳ ಜೋಡಿಯಾದ ಕ್ರೌನ್-ಪಿನಿಯನ್ ಬಿಚ್ಚಿ ಒಣಗಲು ಇಟ್ಟಿದ್ದೇವೆ. ಬೇರಿಂಗಿನ ಮೈಮೇಲೆ ಕಂದು ಬಣ್ಣದ ಸಣ್ಣ ಚುಕ್ಕೆಗಳು ಕಾಣುತ್ತಿವೆ. ಪುತ್ತೂರಿನವರೇ, ಇದನ್ನು ಉಜ್ಜಿ ಮತ್ತೆ ಬಳಸಬಹುದೇ?

ಪುತ್ತೂರಿನ ತೋಟದವ

ಬಳಸಬೇಡಿ. ಚುಕ್ಕೆ ಉಗುರಿಗೆ ತಗುಲದಿದ್ದರೂ ಅದು ಆಗಲೇ ಉಕ್ಕಿನೊಳಗೆ ಇಳಿದಿರುತ್ತದೆ. ಬೇರಿಂಗ್ ಹಾಳಾಗುವಾಗ ಪಿನಿಯನ್ನಿನ ಹಲ್ಲನ್ನೂ ಕರೆದುಕೊಂಡು ಹೋಗುತ್ತದೆ. ಎರಡೂ ಬದಿಯ ಬೇರಿಂಗ್ ಮತ್ತು ಆಯಿಲ್ ಸೀಲುಗಳನ್ನು ಹೊಸದಾಗಿ ಹಾಕಿ. ಪಿನಿಯನ್ನಿನ ಶಿಮ್ಮುಗಳನ್ನು (ಅಂತರ ಹೊಂದಿಸುವ ತೆಳು ಬಿಲ್ಲೆಗಳನ್ನು) ಯಾವ ಕ್ರಮದಲ್ಲಿ ತೆಗೆದಿರೋ ಅದೇ ಕ್ರಮದಲ್ಲಿ ದಾರಕ್ಕೆ ಪೋಣಿಸಿಡಿ. ಭಾನುವಾರ ಮಣಿಪಾಲದ ಕಡೆ ಬರುವ ಕೆಲಸವಿದೆ. ನಿಮಗೆ ಅನುಕೂಲವಾದರೆ ನನ್ನ ಡಯಲ್ ಗೇಜನ್ನು ತಂದು, ಕ್ರೌನಿನ ಬಿಗುವನ್ನು ನಿಮ್ಮ ಜೊತೆಯಲ್ಲಿಯೇ ಕೂತು ನೋಡಿಕೊಡುತ್ತೇನೆ. ಬ್ರೀದರಿನ ಟ್ಯೂಬನ್ನೂ ನಾನೇ ತರುತ್ತೇನೆ.